ವಿಜಯಪುರದ ಹಿತ್ತಲು, ಪುಣೆಯ ಫಿಲ್ಟರು

ಬೆಳಗಿನ ಆರು ಗಂಟೆಗೆ ಸರಿಯಾಗಿ ಟೈಮರು 'ಟಕ್' ಎಂದಿತು. ಒಳಗಿನ ವಾಲ್ವು ತಿರುಗಿದ ಸಣ್ಣ ಸದ್ದೂ ಕೇಳಿಸಿತು. ಹಸಿರು ದೀಪ ಮಿನುಗುತ್ತಿತ್ತು. ಹೆಗಲ ಮೇಲಿನ ಬ್ಯಾಗನ್ನು ಇಳಿಸದೆ ನಾನು ಹಿತ್ತಲಲ್ಲಿ ನಿಂತೇ ಇದ್ದೆ. ಐದು ನಿಮಿಷ ಕಳೆಯಿತು, ಹತ್ತು ನಿಮಿಷ ಕಳೆಯಿತು. ಲಿಂಬೆ ಗಿಡದ ಬುಡದಲ್ಲಿ ನಾನೇ ಚುಚ್ಚಿ ಕೂರಿಸಿದ್ದ ಎರಡು ಡ್ರಿಪ್ಪರುಗಳಿಂದ ಒಂದು ಹನಿಯೂ ಬೀಳಲಿಲ್ಲ.

ಆದರೆ ಬುಡದ ಮಣ್ಣು ಒದ್ದೆಯಾಗಿತ್ತು. ಬಗ್ಗಿ ಮುಟ್ಟಿ ನೋಡಿದೆ. ರಾತ್ರಿಯೋ ಸಂಜೆಯೋ ಯಾರೋ ಚೆನ್ನಾಗಿ ನೀರು ಹಾಕಿದ್ದರು. ಯಾರೋ ಅಂದರೆ ಇನ್ಯಾರು, ಆ ಮನೆಯಲ್ಲಿರುವುದು ಅವ್ವ ಒಬ್ಬಳೇ.

ನಾನು ಪುಣೆಗೆ ಬಂದು ಹದಿನಾಲ್ಕು ವರ್ಷವಾಯಿತು. ಪುಣೆಯಿಂದ ವಿಜಯಪುರಕ್ಕೆ ಸುಮಾರು ಮುನ್ನೂರೈವತ್ತು ಕಿಲೋಮೀಟರು. ರಾತ್ರಿ ಸ್ವಾರಗೇಟಿನಲ್ಲಿ ಬಸ್ಸು ಹತ್ತಿದರೆ ಭಿಗವಣದ ಹತ್ತಿರ ಉಜನಿ ಹಿನ್ನೀರಿನ ಮೇಲಿಂದ ತಣ್ಣನೆ ಗಾಳಿ ಬರುತ್ತದೆ, ಟೆಂಭುರ್ಣಿಯಲ್ಲಿ ಚಹಾಕ್ಕೆ ನಿಲ್ಲುತ್ತದೆ, ಸೋಲಾಪುರ ದಾಟಿದ ಮೇಲೆ ಭೀಮೆಯ ಸೇತುವೆ. ಅಲ್ಲಿಂದ ಅಂಗಡಿಗಳ ಬೋರ್ಡು ಕನ್ನಡಕ್ಕೆ ತಿರುಗುತ್ತವೆ. ಝಳಕಿ, ಹೊರ್ತಿ ಬರುವಷ್ಟರಲ್ಲಿ ನಿದ್ದೆ ಹರಿದಿರುತ್ತದೆ. ಈ ದಾರಿಯಲ್ಲಿ ಓಡಾಡುವ ಯಾರನ್ನಾದರೂ ಕೇಳಿ, ಕಣ್ಣು ಮುಚ್ಚಿಕೊಂಡೇ ಈಗ ಎಲ್ಲಿದ್ದೇವೆ ಅಂತ ಹೇಳುತ್ತಾರೆ. ರಸ್ತೆಯ ಉಬ್ಬುತಗ್ಗೇ ಗುರುತು.

ಹಿಂದಿನ ದೀಪಾವಳಿಗೆ ಇದೇ ದಾರಿಯಲ್ಲಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಹೊತ್ತು ಹೋಗಿದ್ದೆ. ಅದರಲ್ಲಿ ಮನೆ ತೋಟಕ್ಕೆಂದೇ ಸಿಗುವ ಹನಿ ನೀರಾವರಿ ಕಿಟ್ ಇತ್ತು. 16 ಮಿಲಿಮೀಟರಿನ ಕಪ್ಪು ಪೈಪು, 4 ಮಿಲಿಮೀಟರಿನ ಸಣ್ಣ ನಳಿಗೆ, ಗಂಟೆಗೆ 4 ಲೀಟರು ಕೊಡುವ ನಲವತ್ತು ಡ್ರಿಪ್ಪರು, ಹೆಬ್ಬೆರಳಿನಷ್ಟು ಉದ್ದದ ಒಂದು ಜಾಲರಿ ಫಿಲ್ಟರು. ಟೈಮರನ್ನು ಮಾತ್ರ ಬೇರೆ ಕೊಂಡೆ. ಮನೆಯ ಮೇಲಿನ ಟ್ಯಾಂಕಿಯಿಂದ ನೀರು ತಾನಾಗಿ ಇಳಿದು ಬರಬೇಕಾದರೆ ಒತ್ತಡ ಬಹಳ ಕಡಿಮೆ ಇರುತ್ತದೆ. ಸೊಲೆನಾಯ್ಡ್ ಟೈಮರುಗಳು ಅಷ್ಟು ಕಡಿಮೆ ಒತ್ತಡಕ್ಕೆ ತೆರೆದುಕೊಳ್ಳುವುದಿಲ್ಲ, ಬಾಲ್ ವಾಲ್ವಿನದೇ ಬೇಕು. ಇಷ್ಟೆಲ್ಲ ಓದಿ ತಿಳಿದುಕೊಂಡಿದ್ದೆ. ಫಿಲ್ಟರಿನ ಬಗ್ಗೆ ಮಾತ್ರ ಓದಿರಲಿಲ್ಲ. ಅದು ಕಿಟ್ಟಿನ ಜೊತೆ ಬಂದಿತ್ತು, ಕೂರಿಸಿದೆ, ಮುಗಿಯಿತು.

ಅವ್ವನಿಗೆ ಎಪ್ಪತ್ತೊಂದು. ಮೊಣಕಾಲು ನೋವು. ಅಪ್ಪ ತೀರಿಕೊಂಡ ಮೇಲೆ ಪುಣೆಗೆ ಬಾ ಅಂತ ಕರೆದು ಕರೆದು ನಾನು ಸೋತಿದ್ದೇನೆ. ಬಂದರೂ ಹದಿನೈದು ದಿನ. ಹದಿನಾರನೆಯ ದಿನ ಹಿತ್ತಲಿನ ಲಿಂಬೆ, ದುಂಡುಮಲ್ಲಿಗೆ, ಕರಿಬೇವು ಎಲ್ಲ ಅವಳ ಬಾಯಲ್ಲಿ ಬರಲು ಶುರುವಾಗುತ್ತವೆ. ಲಿಂಬೆ ಗಿಡ ಅಪ್ಪ ಇಂಡಿಯಿಂದ ತಂದು ಹಚ್ಚಿದ್ದು. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಾಗ ಅವ್ವ ಫೋನು ಮಾಡಿ, ನಮ್ಮ ಗಿಡಕ್ಕೇ ಪದಕ ಬಂದ ಹಾಗೆ ಹೇಳಿದ್ದಳು. ಆ ಗಿಡಕ್ಕಾಗಿ ದಿನಾ ಎರಡು ಹೊತ್ತು ಕೊಡ ಹೊರುವುದನ್ನಾದರೂ ತಪ್ಪಿಸೋಣ ಅಂತ ನಾನು ಡ್ರಿಪ್ ಹಾಕಿಸಿದ್ದು. ಹಾಕಿದ ದಿನ ನಲವತ್ತೂ ಡ್ರಿಪ್ಪರು ತೊಟ್ಟಿಕ್ಕುವುದನ್ನು ಅವ್ವ ಕುರ್ಚಿ ಹಾಕಿಕೊಂಡು ನೋಡಿದಳು.

"ನೀ ಇದ್ದಾಗ ಚಂದ ನಡಿತದ. ನೀ ಹೋದ ಮ್ಯಾಲ ಅದಕ್ಕೂ ಬ್ಯಾಸರ ಬರ್ತದೇನೋ" ಎಂದಿದ್ದಳು. ನಾನು ನಕ್ಕಿದ್ದೆ.

ಆಮೇಲೆ ಐದು ತಿಂಗಳು ಪ್ರತಿ ಭಾನುವಾರ ಫೋನಿನಲ್ಲಿ ಒಂದೇ ಪ್ರಶ್ನೆ, ಒಂದೇ ಉತ್ತರ. ಡ್ರಿಪ್ ಹೆಂಗದ? ಚಂದ ಅದ. ನೀರು ಬರ್ತದಿಲ್ಲೋ? ಬರ್ತದ.

ಏಪ್ರಿಲಿನ ಆ ಬೆಳಿಗ್ಗೆ ಒದ್ದೆ ಮಣ್ಣು ಮುಟ್ಟಿ ನೋಡಿದವನು ಎದ್ದು ನಿಂತಾಗ ಅವ್ವ ಬಾಗಿಲಲ್ಲಿ ನಿಂತಿದ್ದಳು. ಎಡ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡಿದ್ದಳು. ಬಾವಿಕಟ್ಟೆಯಂತಿರುವ ಸಿಮೆಂಟು ತೊಟ್ಟಿಯ ಪಕ್ಕ ಕೊಡ, ಪ್ಲಾಸ್ಟಿಕ್ ಬಕೆಟ್ಟು, ಒಂದು ತಂಬಿಗೆ.

"ಎಂದಿನಿಂದ ಬಂದ್ ಆಗ್ಯಾವ ಇವು?"

"ಸಂಕ್ರಮಣದ ಮುಂದ ಸಣ್ಣಗ ಆದ್ವು. ಶಿವರಾತ್ರಿಗೆ ಪೂರಾ ನಿಂತ್ವು."

"ನನಗ ಯಾಕ ಹೇಳಲಿಲ್ಲ?"

"ಅಷ್ಟ ರೊಕ್ಕಾ ಹಾಕಿ ಮಾಡೀದಿ. ಹೇಳಿದ್ರ ರಾತ್ರೋರಾತ್ರಿ ಬಸ್ ಹತ್ತಿ ಬರ್ತೀದಿ. ನಾಕ ಕೊಡ ನೀರ್ ಹಾಕೂದು ಏನ್ ದೊಡ್ಡದು?"

ನಾಲ್ಕು ಕೊಡ ಅಲ್ಲ, ಹದಿನೈದಿಪ್ಪತ್ತು ಆಗುತ್ತದೆ. ಅದಕ್ಕೆ ಹಿತ್ತಲಿನ ಕೊನೆಯ ಸಾಲೇ ಸಾಕ್ಷಿ. ಬಾಗಿಲ ಹತ್ತಿರದ ಲಿಂಬೆ, ಮಲ್ಲಿಗೆ, ಬದನೆ ಹಸಿರಾಗಿದ್ದವು. ಕೊಡ ಹೊತ್ತು ಅಷ್ಟು ದೂರ ನಡೆಯಲಾಗದ ಕಡೆ ಸೇವಂತಿಗೆ ಸಾಲು ಕಡ್ಡಿಯಾಗಿತ್ತು, ಪಪ್ಪಾಯಿ ಎಲೆ ಇಳಿಬಿಟ್ಟಿತ್ತು. ಅವಳ ಕಾಲು ಎಲ್ಲಿಯವರೆಗೆ ನಡೆಯಿತು ಅನ್ನುವುದನ್ನು ಗಿಡಗಳೇ ಗೆರೆ ಎಳೆದು ತೋರಿಸುತ್ತಿದ್ದವು. ನನ್ನ ಟೈಮರು ಮಾತ್ರ ಈ ಎರಡು ತಿಂಗಳೂ ಒಂದು ದಿನ ತಪ್ಪದೆ ಆರು ಗಂಟೆಗೆ ಟಕ್ ಎನ್ನುತ್ತಿತ್ತು.

ಚಹಾ ಕುಡಿದು ರಿಪೇರಿಗೆ ಕೂತೆ. ಮೊದಲು ಫಿಲ್ಟರು ಬಿಚ್ಚಿದೆ. ಒಳಗಿನ ಜಾಲರಿ ಕಾಣುತ್ತಲೇ ಇರಲಿಲ್ಲ, ಮೇಲೆ ಹಸಿರು ಲೋಳೆ ಕಟ್ಟಿತ್ತು. ಪೈಪಿನ ತುದಿಯ ಮುಚ್ಚಳ ತೆಗೆದರೆ ಕರಿ ರಾಡಿ ಬುಳಬುಳನೆ ಬಂತು. ಡ್ರಿಪ್ಪರಿನ ಬಾಯಿಗೆ ಬಿಳಿ ಸುಣ್ಣ, ಹಳೆಯ ಹಂಡೆಯ ಒಳಗೆ ಕಟ್ಟುತ್ತದಲ್ಲ, ಥೇಟ್ ಹಾಗೆ. ಪಿನ್ನಿನಿಂದ ಚುಚ್ಚಿದೆ. ಒಂದು ಬಿಡಿಸುವಷ್ಟರಲ್ಲಿ ಇನ್ನೊಂದು ಕಟ್ಟುತ್ತಿತ್ತು. ಹನ್ನೊಂದು ಗಂಟೆಗೆ ಬಿಸಿಲು ನೆತ್ತಿಗೆ ಬಂತು. ನಲವತ್ತರಲ್ಲಿ ಒಂಬತ್ತು ಮಾತ್ರ ತೊಟ್ಟಿಕ್ಕುತ್ತಿದ್ದವು.

ಅವ್ವ ಒಳಗಿನಿಂದಲೇ ಹೇಳಿದಳು: "ಪಿನ್ ಹಾಕಿ ಎಷ್ಟ ಚುಚ್ಚತಿ? ತಿಕೋಟಾಕ್ಕ ಹೋಗಿ ಮಾವನ್ನ ಕೇಳಿ ಬಾ."

ತಿಕೋಟಾ ವಿಜಯಪುರದ ಪಶ್ಚಿಮಕ್ಕಿದೆ. ಆ ಕಡೆಯೆಲ್ಲ ದ್ರಾಕ್ಷಿ, ಒಣದ್ರಾಕ್ಷಿ ಮಾಡುವ ಶೆಡ್ಡುಗಳು. ದೂರದ ಸಂಬಂಧದಲ್ಲಿ ನನಗೆ ಮಾವನಾಗಬೇಕಾದವರೊಬ್ಬರು ಅಲ್ಲಿ ಮೂವತ್ತು ವರ್ಷದಿಂದ ದ್ರಾಕ್ಷಿ ಬೆಳೆಯುತ್ತಾರೆ. ನಾನು ಹೋದಾಗ ಏಪ್ರಿಲ್ ಚಾಟ್ನಿ ಆಗಿ ಬಳ್ಳಿಗಳು ಬೋಳಾಗಿ ನಿಂತಿದ್ದವು. ಸಾಲಿನ ಕೆಳಗೆ ಕಪ್ಪು ಪೈಪು, ಅದರಡಿ ಒಂದೇ ಅಳತೆಯ ಒದ್ದೆ ಗುಂಡುಗಳು, ಕಣ್ಣು ಹೋಗುವಷ್ಟು ದೂರ. ಆ ಬಿಸಿಲಲ್ಲಿ ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ಸುಳ್ಳಲ್ಲ.

ನಾನು ಜೇಬಿನಿಂದ ಕಟ್ಟಿಕೊಂಡ ಡ್ರಿಪ್ಪರು ತೆಗೆದು ತೋರಿಸಿದೆ. ಮಾವ ಅದನ್ನು ನೋಡಲೇ ಇಲ್ಲ.

"ಡ್ರಿಪ್ಪರ್ ಆಮ್ಯಾಲ. ನೀರು ಎಲ್ಲಿಂದ ಬರತದ, ಅದನ್ನ ಮೊದಲ ಹೇಳು."

ಬೋರಿನ ನೀರು, ಟ್ಯಾಂಕಿಗೆ ಏರಿಸುತ್ತೇವೆ ಎಂದೆ. ಟ್ಯಾಂಕಿಗೆ ಮುಚ್ಚಳ ಇದೆಯಾ ಎಂದು ಕೇಳಿದರು. ಸಿಮೆಂಟಿನ ಹಳೆಯ ಟ್ಯಾಂಕಿ, ಅರ್ಧ ಮುಚ್ಚಳ ಒಡೆದು ಎಷ್ಟೋ ವರ್ಷವಾಗಿದೆ ಎಂದೆ. ಅವರು ತಲೆಯಾಡಿಸಿ ನನ್ನನ್ನು ಪಂಪಿನ ಮನೆಗೆ ಕರೆದುಕೊಂಡು ಹೋದರು.

ಅಲ್ಲಿ ನೋಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬಾಲ್ಕನಿಯಲ್ಲಿ ಹತ್ತು ಕುಂಡ ಇಟ್ಟುಕೊಂಡು ಡ್ರಿಪ್ ಹಾಕುವ ಯೋಚನೆ ಇರುವವರಿಗೂ ಇದು ಉಪಯೋಗಕ್ಕೆ ಬರಬಹುದು. ಮಾವನ ತೋಟದಲ್ಲಿ ನೀರು ಬೋರಿನಿಂದ ಮೊದಲು ಕೃಷಿಹೊಂಡಕ್ಕೆ ಬೀಳುತ್ತದೆ. ಅಲ್ಲಿಂದ ಎತ್ತಿದ ನೀರು ಒಂದು ದೊಡ್ಡ ಡ್ರಮ್ಮಿಗೆ ಹೋಗುತ್ತದೆ. ಅದರ ತುಂಬ ಉಸುಕು. ನೀರು ಮೇಲಿನಿಂದ ಇಳಿದು ಉಸುಕಿನ ನಡುವೆ ಸೋಸಿ ಕೆಳಗಿನಿಂದ ಹೊರಬರುತ್ತದೆ, ಹೊಂಡದ ಪಾಚಿ ಉಸುಕಿನಲ್ಲೇ ಉಳಿಯುತ್ತದೆ. ಅದಾದ ಮೇಲೆ ಡಿಸ್ಕ್ ಫಿಲ್ಟರು. ಬಳೆಗಳನ್ನು ಒಂದರ ಮೇಲೊಂದು ಒತ್ತಿ ಇಟ್ಟಂತೆ ಪ್ಲಾಸ್ಟಿಕ್ಕಿನ ಬಿಲ್ಲೆಗಳು, ಪ್ರತಿ ಬಿಲ್ಲೆಯ ಮೇಲೂ ಕೂದಲೆಳೆಯಂಥ ಗೀರುಗಳು. ನೀರು ಆ ಗೀರುಗಳ ಸಂದಿಯಲ್ಲೇ ನುಸುಳಬೇಕು. ಫಿಲ್ಟರಿಗೆ ಮೊದಲೊಂದು, ಆಮೇಲೊಂದು, ಎರಡು ಒತ್ತಡದ ಗಡಿಯಾರ. ಎರಡರ ಮುಳ್ಳಿನ ನಡುವಿನ ಅಂತರ ಅರ್ಧ ಕೆ.ಜಿ. ದಾಟಿತೆಂದರೆ ಫಿಲ್ಟರು ಕಟ್ಟಿದೆ ಎಂದು ಅರ್ಥ. ಆಗ ನೀರನ್ನು ಉಲ್ಟಾ ಹರಿಸಿ ಹೊಲಸು ಹೊರಗೆ ಬಿಡುತ್ತಾರೆ. ನಾನಿದ್ದಾಗಲೇ ಬಿಟ್ಟರು. ಚಹಾದ ಬಣ್ಣದ ನೀರು ಒಂದು ನಿಮಿಷ ಹರಿದು ತಿಳಿಯಾಯಿತು.

ಆಮೇಲೆ ನನ್ನ ಡ್ರಿಪ್ಪರನ್ನು ಕೈಗೆ ತೆಗೆದುಕೊಂಡು ಚಾಕುವಿನಿಂದ ಸೀಳಿದರು. ಒಳಗೆ ಅಂಕುಡೊಂಕಾದ ಸಣ್ಣ ಕಾಲುವೆ. ಈ ಅಂಕುಡೊಂಕಿನ ಹಿಂದೆ ಒಂದು ಕತೆಯಿದೆ. ಇಸ್ರೇಲಿನ ನೀರಾವರಿ ಎಂಜಿನಿಯರ್ ಸಿಮ್ಖಾ ಬ್ಲಾಸ್, ಸೋರುವ ಪೈಪಿನ ಪಕ್ಕದ ಒಂದು ಮರ ಮಾತ್ರ ಉಳಿದವಕ್ಕಿಂತ ದೊಡ್ಡದಾಗಿ ಬೆಳೆದದ್ದನ್ನು ನೋಡಿದನೆಂದು ಎಲ್ಲರೂ ಹೇಳುತ್ತಾರೆ. ಹನಿ ಹನಿಯಾಗಿ ನೀರು ಕೊಡುವ ಯೋಚನೆ ಅಲ್ಲಿಂದ ಬಂತು, 1965ರಲ್ಲಿ ಹಟ್ಜೆರಿಮ್ ಎಂಬ ಕಿಬ್ಬುಟ್ಜಿನಲ್ಲಿ ಕಂಪನಿಯೂ ಆಯಿತು. ಆದರೆ ಪೈಪಿಗೆ ಸಣ್ಣ ತೂತು ಹಾಕಿದರೆ ಹನಿ ಬರುತ್ತದಲ್ಲ, ಅದರಲ್ಲೇನು ದೊಡ್ಡದು? ಕಷ್ಟ ಇರುವುದು ಅಲ್ಲೇ. ಸಣ್ಣ ತೂತು ಬೇಗ ಕಟ್ಟುತ್ತದೆ. ಬ್ಲಾಸ್ ಮಾಡಿದ್ದು, ದಾರಿಯನ್ನು ಅಗಲವಾಗಿಯೇ ಇಟ್ಟು ಉದ್ದ ಮಾಡಿದ್ದು. ಸುತ್ತಿ ಸುತ್ತಿ ಬರುವಷ್ಟರಲ್ಲಿ ನೀರಿನ ಸೊಕ್ಕು ಮುರಿದು ತೊಟ್ಟಿಕ್ಕುತ್ತದೆ. ಅಂದರೆ ಡ್ರಿಪ್ಪರು ಹುಟ್ಟಿದ್ದೇ ಕಸದ ಜೊತೆ ಜಗಳವಾಡುತ್ತಾ. ಕಿಟ್ಟಿನ ಪೆಟ್ಟಿಗೆಯಲ್ಲಿ ಫಿಲ್ಟರು ಸಣ್ಣ ಸಾಮಾನು ಅಂದುಕೊಂಡಿದ್ದ ನನಗೆ ಮಾವನ ಮುಂದೆ ನಾಚಿಕೆಯಾಯಿತು.

"ನಿನ್ನ ನೀರಾಗ ಮೂರು ನಮೂನಿ ರೋಗ ಅದ" ಎಂದರು ಮಾವ. ಲೋಳೆ, ಸುಣ್ಣ, ಎರೆಮಣ್ಣು. ಲೋಳೆ ಬಿಸಿಲಿನಿಂದ ಬಂದದ್ದು. ತೆರೆದ ಟ್ಯಾಂಕಿಗೆ ಬೆಳಕು ಬಿದ್ದರೆ ಪಾಚಿ ಬೆಳೆಯುತ್ತದೆ. ಜಾಲರಿ ಫಿಲ್ಟರು ಉಸುಕಿನ ಕಣವನ್ನು ಹಿಡಿಯುತ್ತದೆ, ಲೋಳೆಯನ್ನಲ್ಲ. ಲೋಳೆ ಜಾಲರಿಯ ಮೇಲೆ ಪದರಾಗಿ ಹರಡಿ ನೀರನ್ನೇ ತಡೆಯುತ್ತದೆ, ಇಲ್ಲವೇ ಒತ್ತಡಕ್ಕೆ ಶಾವಿಗೆಯ ಹಾಗೆ ತೂರಿ ಆಚೆ ಹೋಗುತ್ತದೆ. ಅದಕ್ಕೆ ಡಿಸ್ಕ್ ಆಗಬೇಕು. ಸುಣ್ಣಕ್ಕೆ ಈ ಯಾವ ಫಿಲ್ಟರೂ ನಡೆಯುವುದಿಲ್ಲ. ಅದು ನೀರಿನಲ್ಲಿ ಕರಗಿ ಬರುತ್ತದೆ, ಡ್ರಿಪ್ಪರಿನ ಬಾಯಲ್ಲಿ ನೀರು ಆರಿದಾಗ ಗಟ್ಟಿಯಾಗುತ್ತದೆ. ತೋಟದವರು ಅಳತೆ ನೋಡಿ ಆ್ಯಸಿಡ್ ಬಿಡುತ್ತಾರೆ. ಮನೆಯಲ್ಲಿ, ಅದೂ ವಯಸ್ಸಾದವರು ಒಬ್ಬರೇ ಇರುವಲ್ಲಿ, ಆ್ಯಸಿಡಿನ ಬಾಟ್ಲಿ ತರಬೇಡ ಅಂತ ಗಟ್ಟಿಯಾಗಿ ಹೇಳಿದರು.

ಇನ್ನು ಎರೆಮಣ್ಣು. ಬೇಸಿಗೆಯ ಗಾಳಿಗೆ ಊರ ಮೇಲೆಲ್ಲ ಹಾರುವ ಕರಿ ಧೂಳು ಒಡೆದ ಮುಚ್ಚಳದಿಂದ ಟ್ಯಾಂಕಿಗೆ ಬೀಳುತ್ತದೆ. ಅಂಗಡಿಯಲ್ಲಿ ಸಿಗುವ 120 ಮೆಶ್ಶಿನ ಫಿಲ್ಟರು ಅಂದರೆ 130 ಮೈಕ್ರಾನ್, ಮಿಲಿಮೀಟರಿನ ಎಂಟನೆಯ ಒಂದು ಭಾಗ. ಎರೆಮಣ್ಣಿನ ಜೇಡಿಯ ಕಣ 2 ಮೈಕ್ರಾನಿಗಿಂತಲೂ ಸಣ್ಣದು. ಊರಬಾಗಿಲಲ್ಲಿ ಇರುವೆ ನುಗ್ಗಿದ ಹಾಗೆ ಅದು ನುಗ್ಗುತ್ತದೆ, ಒಳಗೆ ಲೋಳೆಗೆ ಅಂಟಿಕೊಂಡು ರಾಡಿಯಾಗುತ್ತದೆ.

"ಅದಕ್ಕ ಯಾವ ಫಿಲ್ಟರ್ ತರಬೇಕು?" ಎಂದು ಕೇಳಿದೆ.

"ತರೂದಲ್ಲ. ನೀರನ್ನ ಸುಮ್ಮ ನಿಲ್ಲಸಬೇಕು."

ಮಾವ ಅಷ್ಟು ಹೇಳಿ ಊಟಕ್ಕೆ ಕರೆದರು.

ತಿಕೋಟಾದಿಂದ ಮರಳುವ ದಾರಿಯಲ್ಲಿ ತೊರವಿ ಸಿಗುತ್ತದೆ. ತೊರವೆ ರಾಮಾಯಣದ ತೊರವೆ ಅಂದರೆ ನಿಮಗೆ ಬೇಗ ಗೊತ್ತಾಗುತ್ತದೆ. ಗುಹೆಯಂಥ ನರಸಿಂಹ ದೇವಸ್ಥಾನಕ್ಕೆ ಚಿಕ್ಕಂದಿನಲ್ಲಿ ಅಪ್ಪನ ಸೈಕಲ್ಲಿನ ಮೇಲೆ ಬರುತ್ತಿದ್ದೆ. ಆದಿಲಶಾಹಿಗಳ ಕಾಲದಲ್ಲಿ ವಿಜಯಪುರದ ಕೋಟೆಗೆ ನೀರು ಹೋಗುತ್ತಿದ್ದದ್ದು ಇಲ್ಲಿಂದ, ನೆಲದಡಿಯ ಸುರಂಗದಲ್ಲಿ. ಊರು ಬೆಳೆದ ಮೇಲೆ ಅದು ಸಾಲದಾಯಿತು. 1651ರಲ್ಲಿ ಮುಹಮ್ಮದ್ ಆದಿಲಶಾಹನ ಆಳ್ವಿಕೆಯಲ್ಲಿ ಊರ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿ, ಮಣ್ಣಿನ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಸುತ್ತ ಗಾರೆ ಹಾಕಿ ನೆಲದಡಿ ಹೂತು ಊರೊಳಗೆ ನೀರು ತಂದರು.

ನಮ್ಮೂರಿಗೆ ಬಂದವರು ಗೋಳಗುಮ್ಮಟದಲ್ಲಿ ಕೂಗಿ ನೋಡುತ್ತಾರೆ, ಇಬ್ರಾಹಿಂ ರೋಜಾದಲ್ಲಿ ಫೋಟೋ ತೆಗೆಸುತ್ತಾರೆ, ಹೆಚ್ಚೆಂದರೆ ತಾಜ್ ಬಾವಡಿಯ ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ಗಂಜುಗಳ ಕಡೆ ಯಾರೂ ಹೋಗುವುದಿಲ್ಲ. ಊರಲ್ಲಿ ಅಲ್ಲಲ್ಲಿ ಕಲ್ಲುಗಾರೆಯ ಚೌಕಟ್ಟು ಗೋಪುರಗಳು ನಿಂತಿವೆ, 25ರಿಂದ 40 ಅಡಿ ಎತ್ತರ, ಮೇಲೆ ಸೂರಿಲ್ಲ. ನಾನೂ ಹದಿನೆಂಟು ವರ್ಷ ಅವುಗಳ ಪಕ್ಕದಲ್ಲೇ ಶಾಲೆ ಕಾಲೇಜಿಗೆ ಹೋದವನು. ಹಾಳು ಬಿದ್ದ ಕಾವಲು ಗೋಪುರ ಎಂದುಕೊಂಡಿದ್ದೆ. ಅವು ಆ ನೀರಿನ ಕೊಳವೆ ಸಾಲಿನ ನಡುವಿನ ನಿಲ್ದಾಣಗಳು. ಕೊಳವೆಯಲ್ಲಿ ಬಂದ ನೀರು ಗಂಜಿನೊಳಗೆ ಏರಿ ನಿಲ್ಲುತ್ತಿತ್ತು. ಮಣ್ಣಿನ ಕೊಳವೆ ಒಡೆಯದ ಹಾಗೆ ಒತ್ತಡ ಅಲ್ಲಿ ಇಳಿಯುತ್ತಿತ್ತು, ಜೊತೆಗೆ ಕೆಸರು ತಳಕ್ಕೆ ಕೂರುತ್ತಿತ್ತು, ಮೇಲಿನ ತಿಳಿನೀರು ಮುಂದೆ ಹೋಗುತ್ತಿತ್ತು.

ಆ ಸಂಜೆ ಒಂದು ಗಂಜಿನ ಬುಡದಲ್ಲಿ ಗಾಡಿ ನಿಲ್ಲಿಸಿ ತಲೆಯೆತ್ತಿ ನೋಡಿದೆ. ಗೋಡೆಯ ಸಂದಿಯಲ್ಲಿ ಅರಳಿ ಸಸಿ, ಬುಡದಲ್ಲಿ ಮೇಕೆ. ಪಕ್ಕದ ಪಾನ್ ಅಂಗಡಿಯವನು, ಸಾಮಾನ್ಯವಾಗಿ ಯಾರೂ ನೋಡದ್ದನ್ನು ಇವನೇನು ನೋಡುತ್ತಿದ್ದಾನೆ ಎಂದು ತಾನೂ ತಲೆಯೆತ್ತಿದ. ಒತ್ತಡ, ಹೂಳು. ನನ್ನ ಹಿತ್ತಲಿನ ಎರಡೂ ತೊಂದರೆಗೆ ಇದೇ ಊರಲ್ಲಿ ಮುನ್ನೂರೆಪ್ಪತ್ತು ವರ್ಷದ ಹಿಂದೆ ಒಂದೇ ಗೋಪುರದಲ್ಲಿ ಉತ್ತರ ಕಟ್ಟಿಟ್ಟಿದ್ದರು, ನಾನು ಪುಣೆಯಿಂದ ರಟ್ಟಿನ ಪೆಟ್ಟಿಗೆ ಹೊತ್ತು ಬಂದಿದ್ದೆ.

ಮನೆಗೆ ಬಂದರೆ ಅಡಿಗೆಮನೆಯಲ್ಲಿ ಇನ್ನೊಂದು ಗಂಜು. ಅವ್ವನ ಕುಡಿಯುವ ನೀರಿನ ಹರಿವಿ. ನಳ ಬಂದ ದಿನ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ರಾತ್ರಿಯೆಲ್ಲ ಬಿಡುತ್ತಾಳೆ. ಮೇಲಿನಿಂದ ಮಾತ್ರ ತೋಡಿಕೊಳ್ಳಬೇಕು. ತಳ ಅಲುಗಿಸಿದರೆ ಬೈಗುಳ. ಕೊನೆಗೆ ಉಳಿದ ಬಗ್ಗಡ ಕರಿಬೇವಿನ ಬುಡಕ್ಕೆ. ಇದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ.

ಪುಣೆಗೆ ಮರಳಿದ ಮೇಲೆ ಮಾರ್ಕೆಟ್ ಯಾರ್ಡಿನ ಕಡೆ ಕೃಷಿ ಸಾಮಾನಿನ ಒಂದು ಅಂಗಡಿಗೆ ಹೋದೆ. ಮುಕ್ಕಾಲು ಇಂಚಿನ ಡಿಸ್ಕ್ ಫಿಲ್ಟರು ಕೇಳಿದೆ. ಅಂಗಡಿಯ ಅಜ್ಜ ಕನ್ನಡಕದ ಮೇಲಿನಿಂದ ನೋಡಿ "ಪಾಣೀ ಕುಠ್ಲಂ ಆಹೆ?" ಎಂದ. ತಿಕೋಟಾದ ಪ್ರಶ್ನೆ ಮರಾಠಿಯಲ್ಲಿ ಬಂದದ್ದು ಕೇಳಿ ನಗು ಬಂತು. ದೀಪಾವಳಿಗೆ ಮುಂಚೆ ನಾನು ಕಿಟ್ ತರಿಸಿದ್ದು ಫೋನಿನಲ್ಲಿ ಬೆರಳು ಒತ್ತಿ. ಅಲ್ಲಿ ಈ ಪ್ರಶ್ನೆ ಕೇಳುವವರೇ ಇರಲಿಲ್ಲ.

ಹದಿನೈದು ದಿನ ಬಿಟ್ಟು ಮತ್ತೆ ಊರಿಗೆ ಹೋದೆ. ಮೊದಲು ಟ್ಯಾಂಕಿ ಬಳಿದು ತೊಳೆಸಿ ಪೂರ್ತಿ ಮುಚ್ಚಳ ಹಾಕಿಸಿದೆ. ಟ್ಯಾಂಕಿಯ ಕೆಳಗೆ, ಮಾಳಿಗೆಯ ಮೇಲೇ, ಇಟ್ಟಿಗೆ ಕಟ್ಟೆ ಕಟ್ಟಿಸಿ 200 ಲೀಟರಿನ ಕರಿ ಡ್ರಮ್ಮು ಇಟ್ಟೆ. ಕರಿದೇ ಯಾಕೆಂದರೆ ಬೆಳಕು ಒಳಗೆ ಹೋಗಬಾರದು. ಹಿತ್ತಲಿಗೆ ಹೋಗುವ ಪೈಪನ್ನು ಡ್ರಮ್ಮಿನ ತಳದಿಂದ ಒಂದು ಗೇಣು ಮೇಲೆ ಕೂರಿಸಿದೆ. ತೀರ ತಳದಲ್ಲಿ ಬೇರೊಂದು ನಳ, ಹೂಳು ಬಿಡುವುದಕ್ಕೆ. ಸಂಜೆ ಡ್ರಮ್ಮು ತುಂಬುತ್ತದೆ, ರಾತ್ರಿಯೆಲ್ಲ ನೀರು ಅಲುಗದೆ ನಿಲ್ಲುತ್ತದೆ. ಉಸುಕಾದರೆ ಕ್ಷಣದಲ್ಲಿ ತಳ ಸೇರುತ್ತದೆ, ನುಣುಪು ಮಣ್ಣಿಗೆ ತಾಸುಗಟ್ಟಲೆ ಬೇಕು. ಜೇಡಿಗೆ ದಿನಗಟ್ಟಲೆ ಬೇಕಾದ್ದರಿಂದ ಅದು ಒಂದು ರಾತ್ರಿಯಲ್ಲಿ ಪೂರ್ತಿ ಕೂರುವುದಿಲ್ಲ. ಆದರೆ ಅಂಟಿಕೊಳ್ಳಲು ಲೋಳೆ ಇಲ್ಲದಿದ್ದರೆ ಉಳಿದದ್ದು ಡ್ರಿಪ್ಪರಿನಿಂದ ಸುಮ್ಮನೆ ಹೊರಗೆ ಹೋಗುತ್ತದೆ. ಡ್ರಮ್ಮಿನ ನಂತರ, ಅವ್ವನ ಕೈಗೆ ಸಿಗುವ ಎತ್ತರದಲ್ಲಿ, ಡಿಸ್ಕ್ ಫಿಲ್ಟರು. ಮೈಮೇಲಿನ ಬಾಣದ ಗುರುತು ನೀರು ಹೋಗುವ ದಿಕ್ಕಿಗೇ ಇರಬೇಕು. ಹಳೆಯ ಫಿಲ್ಟರನ್ನು ಬಿಚ್ಚುವಾಗ ನೋಡಿದೆ, ಐದು ತಿಂಗಳು ಅದನ್ನು ಉಲ್ಟಾ ಕೂರಿಸಿದ್ದೆ. ಇದನ್ನು ಮಾವನಿಗೆ ಇನ್ನೂ ಹೇಳಿಲ್ಲ.

ಸುಣ್ಣಕ್ಕೆ ಏನು ಮಾಡುವುದು ಅಂತ ಯೋಚಿಸುತ್ತಿದ್ದಾಗ ಅವ್ವ ಒಂದು ಬುಟ್ಟಿ ತಂದು ಮುಂದಿಟ್ಟಳು. ಗಿಡದಿಂದ ಉದುರಿದ, ಮಾರ್ಕೆಟ್ಟಿಗೆ ಬಾರದ, ಹಳದಿ ಹಣ್ಣುಗಳು. "ತಾಮ್ರದ ಕೊಡಕ್ಕ ನಾ ಇದನ್ನ ತಿಕ್ಕೂದಿಲ್ಲೇನು?" ಎಂದಳು. ಬೋಗುಣಿಗೆ ರಸ ಹಿಂಡಿ ಡ್ರಿಪ್ಪರುಗಳನ್ನು ಮುಳುಗಿಸಿದೆವು. ಬಾಯಿಂದ ಸಣ್ಣ ಸಣ್ಣ ಗುಳ್ಳೆ ಎದ್ದವು. ರಾತ್ರಿಯೆಲ್ಲ ನೆನೆದು ಬೆಳಿಗ್ಗೆ ತಿಕ್ಕಿದರೆ ಬಿಳಿ ಕರಗಿ ಹೋಗಿತ್ತು. ಆರು ಡ್ರಿಪ್ಪರು ಮಾತ್ರ ಯಾವುದಕ್ಕೂ ಬಗ್ಗಲಿಲ್ಲ, ಹೊಸವು ಹಾಕಿದೆ.

ಆರು ಗಂಟೆಗೆ ಟೈಮರು ಟಕ್ ಎಂದಿತು. ಲಿಂಬೆಯ ಬುಡದಲ್ಲಿ ಮೊದಲ ಹನಿ ಬಿತ್ತು. ಅವ್ವ ನಂಬಲಿಲ್ಲ. ಹಾಲಳೆಯುವ ಲೋಟ ತಂದು ಕೆಳಗಿಟ್ಟಳು. ನಾನು ಗಡಿಯಾರ ನೋಡಿದೆ. ಆರು ನಿಮಿಷ ಅಂದರೆ ಗಂಟೆಯ ಹತ್ತನೆಯ ಒಂದು ಭಾಗ, ಆದ್ದರಿಂದ ಡಬ್ಬಿಯ ಮೇಲೆ ಬರೆದಂತೆ 400 ಮಿಲಿಲೀಟರು ಬರಬೇಕು. 250 ಬಂತು. ನಮ್ಮ ಡ್ರಮ್ಮು ಪೈಪಿಗಿಂತ ನಾಲ್ಕು ಮೀಟರು ಮೇಲಿದೆ, ಡ್ರಿಪ್ಪರಿಗೆ ಹೇಳಿದ ಪೂರ್ತಿ ಒತ್ತಡಕ್ಕೆ ಹತ್ತು ಮೀಟರು ಬೇಕು. ಇಷ್ಟು ಎತ್ತರಕ್ಕೆ ಇಷ್ಟೇ. ಟೈಮರನ್ನು ಅರ್ಧ ತಾಸಿನಿಂದ ಒಂದು ತಾಸಿಗೆ ಏರಿಸಿದೆ. ನಲವತ್ತು ಡ್ರಿಪ್ಪರಿಗೆ ದಿನಕ್ಕೆ ನೂರು ಲೀಟರು. ಅವ್ವ ಹೊರುತ್ತಿದ್ದ ಕೊಡಗಳ ಲೆಕ್ಕ ಮನಸ್ಸಿನಲ್ಲಿ ಹಾಕಿದೆ, ಬಾಯಿಬಿಟ್ಟು ಹೇಳಲಿಲ್ಲ.

ಬಸ್ಸಿನ ಹೊತ್ತಾಗುವ ಮೊದಲು ಅವಳಿಗೆ ಫಿಲ್ಟರು ಬಿಚ್ಚುವುದನ್ನು ಕಲಿಸಬೇಕಿತ್ತು. ಅದೇ ನನಗೆ ಹಿಡಿಸದ ಭಾಗ. ಅವಳಿಗೆ ಕೆಲಸ ಇಲ್ಲದ ಹಾಗೆ ಮಾಡಲು ತಂದ ಸಾಮಾನು ಅವಳಿಗೆ ಹೊಸ ಕೆಲಸ ಕೊಡುತ್ತಿತ್ತು. ವಾಲ್ವು ಬಂದ್ ಮಾಡು, ತಿರುಪು ಬಿಚ್ಚು, ಬಿಲ್ಲೆಗಳನ್ನು ಸಡಿಲಿಸಿ ನಳದ ಕೆಳಗೆ ಹಿಡಿ, ಮತ್ತೆ ಬಿಗಿ. ಹದಿನೈದು ದಿನಕ್ಕೊಮ್ಮೆ ಪೈಪಿನ ಬಾಲ ಬಿಚ್ಚಿ ಒಂದು ನಿಮಿಷ ನೀರು ಹರಿಯಲು ಬಿಡು. ನಾನು ಹೇಳುವುದು ಮುಗಿಯುವ ಮೊದಲೇ ಅವಳು ಬಿಚ್ಚಿ, ಬಿಲ್ಲೆಗಳನ್ನು ಬೆರಳಿಂದ ಸರಿಸಿ, ಬಳೆಯಂಗಡಿಯಲ್ಲಿ ಬಳೆ ನೋಡುವವರ ಹಾಗೆ ಬೆಳಕಿಗೆ ಹಿಡಿದಳು.

"ಮೊದಲ ಇದನ್ನ ತೋರಿಸಿದ್ರ ಶಿವರಾತ್ರಿಗೆ ನಾನೇ ತೊಳೀತಿದ್ದೆ" ಎಂದಳು.

ಹೌದು, ದೀಪಾವಳಿಯಲ್ಲಿ ನಾನು ಅದನ್ನು ತೋರಿಸಿರಲೇ ಇಲ್ಲ. ಅವಳು ಮುಟ್ಟಿದರೆ ಏನಾದರೂ ಕೆಡಿಸಿಯಾಳು ಅಂತ ಫಿಲ್ಟರನ್ನು ಮಾಳಿಗೆಯ ಮೇಲೆ, ಕೈಗೆ ಸಿಗದ ಕಡೆ ಹಾಕಿದ್ದೆ.

ಈಗ ಮಳೆಗಾಲ ಮುಗಿಯುತ್ತಾ ಬಂದಿದೆ. ಭಾನುವಾರದ ಫೋನು ಉದ್ದವಾಗಿದೆ. ಬಿಲ್ಲೆಗೆ ಎಷ್ಟು ಲೋಳೆ ಬಂತು, ಡ್ರಮ್ಮಿನ ತಳದ ನಳ ಬಿಟ್ಟಾಗ ಎಷ್ಟು ರಾಡಿ ಬಂತು, ಮೂಲೆಯ ಪಪ್ಪಾಯಿಯ ಡ್ರಿಪ್ಪರು ಯಾಕೆ ನಿಧಾನ ಮಾಡುತ್ತಿದೆ, ಎಲ್ಲ ವರದಿಯಾಗುತ್ತದೆ. ಕೊನೆಯ ಸಾಲಿಗೆ ಹೊಸ ಸೇವಂತಿಗೆ ಹಚ್ಚಿದ್ದಾಳೆ. ಕಳೆದ ವಾರ ಫಿಲ್ಟರಿನ ರಬ್ಬರ್ ರಿಂಗು ಸಡಿಲಾಗಿ ನೀರು ಜಿನುಗುತ್ತಿದೆ ಅಂದಳು. ಎಷ್ಟು ದಪ್ಪದ್ದು ಬೇಕು ಅಂತ ಕೇಳಿದ್ದಕ್ಕೆ, ತನ್ನ ಕಿರುಬೆರಳ ಉಂಗುರ ಪಕ್ಕದಲ್ಲಿಟ್ಟು ಪಕ್ಕದ ಮನೆಯ ಹುಡುಗನ ಕೈಲಿ ಫೋಟೋ ತೆಗೆಸಿ ಕಳಿಸಿದಳು. ಮಾರ್ಕೆಟ್ ಯಾರ್ಡಿನ ಅಜ್ಜ ಫೋಟೋ ನೋಡಿ ಎರಡು ರಿಂಗು ಕೊಟ್ಟ. ಶುಕ್ರವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ.

"ಕೊಡಾ ಹೊರೂದು ಬಿಟ್ಟೀ ಹೌದಿಲ್ಲೋ?" ಎಂದು ಮೊನ್ನೆ ಕೇಳಿದೆ.

"ಬಿಟ್ಟೀನಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಲಿಂಬಿ ಗಿಡಕ್ಕ ಮಾತ್ರ ಮುಂಜಾನೆ ಒಂದು ತಂಬಗಿ ನಾನೇ ಹಾಕ್ತೀನಿ. ಅದು ಲೆಕ್ಕಕ್ಕಿಲ್ಲ" ಎಂದಳು.